ಲ್ಯಾಪ್‌ಟಾಪಿಗೆ ಬಹು ಮಾನಿಟರ್ ಜೋಡಣೆ

ಬಹು ಮಾನಿಟರ್ ಜೋಡಣೆ ಎಂದರೆ ಒಂದು ಲ್ಯಾಪ್‌ಟಾಪಿಗೆ ಅದರ ಸ್ವಂತ ಪರದೆಯ ಜೊತೆಗೆ ಎರಡು ಅಥವಾ ಹೆಚ್ಚು ಹೊರ ಮಾನಿಟರುಗಳನ್ನು ಸೇರಿಸಿ, ಎಲ್ಲವನ್ನೂ ಒಂದೇ ಹರವಿನ ಕೆಲಸದ ಜಾಗವಾಗಿ ಬಳಸುವ ವ್ಯವಸ್ಥೆ. ಎಷ್ಟು ಮಾನಿಟರ್ ಹಚ್ಚಬಹುದು ಎಂಬುದನ್ನು ಲ್ಯಾಪ್‌ಟಾಪಿನ ಬದಿಯಲ್ಲಿರುವ ಪೋರ್ಟುಗಳ ಎಣಿಕೆ ತೀರ್ಮಾನಿಸುವುದಿಲ್ಲ. ಒಳಗಿನ ಗ್ರಾಫಿಕ್ಸ್ ಚಿಪ್ಪಿನ ಸಾಮರ್ಥ್ಯ, ಪೋರ್ಟಿನಲ್ಲಿ ಹರಿಯಬಲ್ಲ ದತ್ತಾಂಶದ ಪ್ರಮಾಣ, ಕಾರ್ಯಾಚರಣ ವ್ಯವಸ್ಥೆಯ ನಿಯಮ, ಕೊನೆಗೆ ಮನೆಯ ವಿದ್ಯುತ್ತು ಇವು ಒಂದಕ್ಕೊಂದು ಕೊಂಡಿಯಾಗಿ ತೀರ್ಮಾನಿಸುತ್ತವೆ. ಈ ಲೇಖನ ವ್ಯವಸ್ಥೆಯ ಸಾಮಾನ್ಯ ವಿವರಗಳನ್ನು ಕೊಡುತ್ತದೆ. ಮನೆಬಳಕೆಯ ವಿಷಯ ಬಂದಲ್ಲಿ ಧಾರವಾಡ ರೈಲು ನಿಲ್ದಾಣಕ್ಕೆ ಹೊಂದಿಕೊಂಡಿರುವ ಹಳೆಯ ಬಡಾವಣೆ ಮಾಳಮಡ್ಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ.

ಪರಿಭಾಷೆ

ಇಲ್ಲಿ ‘ಪರದೆ’ ಎಂಬುದು ಲ್ಯಾಪ್‌ಟಾಪಿನದೂ ಸೇರಿ ಎಲ್ಲ ಪ್ರದರ್ಶಕಗಳಿಗೂ, ‘ಮಾನಿಟರ್’ ಎಂಬುದು ಹೊರಗಿನಿಂದ ಜೋಡಿಸಿದ್ದಕ್ಕೆ ಮಾತ್ರ ಅನ್ವಯಿಸುತ್ತದೆ. ಎಲ್ಲ ಪರದೆಗಳಲ್ಲೂ ಒಂದೇ ಚಿತ್ರ ಬರುವ ಬಗೆ ‘ನಕಲು’, ಆಡುಮಾತಿನಲ್ಲಿ ಡುಪ್ಲಿಕೇಟ್. ಪ್ರತಿ ಪರದೆಯಲ್ಲೂ ಬೇರೆ ಬೇರೆ ವಿಷಯ ಬಂದು, ಮೌಸಿನ ಬಾಣ ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆ ‘ವಿಸ್ತರಣೆ’, ಆಡುಮಾತಿನಲ್ಲಿ ಎಕ್ಸ್‌ಟೆಂಡ್. ಹೊಸಬರಿಗೆ ಎದುರಾಗುವ ಬಹುತೇಕ ತೊಡಕುಗಳ ಮೂಲ ಈ ಎರಡರ ನಡುವಿನ ಗೊಂದಲ. ಅಂಗಡಿಯಲ್ಲಿ ಸಿಗುವ ಎಚ್‌ಡಿಎಂಐ ಸ್ಪ್ಲಿಟರ್ ನಕಲನ್ನಷ್ಟೇ ಕೊಡುತ್ತದೆ. ಒಂದು ಸಂಕೇತವನ್ನು ಎರಡು ಕಡೆ ಹಂಚುವ ಸಾಧನ ಅದು, ಎರಡನೆಯ ಸಂಕೇತವನ್ನು ಹುಟ್ಟಿಸಲಾರದು.

ಹಿನ್ನೆಲೆ

ಒಂದಕ್ಕಿಂತ ಹೆಚ್ಚು ಪರದೆಗಳನ್ನು ಒಂದೇ ಗಣಕಕ್ಕೆ ಹಚ್ಚುವ ಅನುಕೂಲ 1987ರ ಮ್ಯಾಕಿಂತೋಷ್ 2ರಲ್ಲಿಯೇ ಇತ್ತು. ಪ್ರತಿ ಪರದೆಗೂ ಪ್ರತ್ಯೇಕ ವಿಡಿಯೊ ಕಾರ್ಡ್ ಬೇಕಾಗುತ್ತಿತ್ತು. ಅದೇ ವರ್ಷ ಐಬಿಎಂ ತನ್ನ ಪಿಎಸ್/2 ಗಣಕಗಳೊಂದಿಗೆ ವಿಜಿಎ ಮಾನಕವನ್ನು ತಂದಿತು. ಅದರ 15 ಪಿನ್ನಿನ ಪೋರ್ಟು ಮುಂದಿನ ಎರಡು ದಶಕಗಳಿಗೂ ಮೀರಿ ಲ್ಯಾಪ್‌ಟಾಪುಗಳ ಬದಿಯಲ್ಲಿ ಉಳಿಯಿತು. ಬಳಕೆ ಹೆಚ್ಚಾಗಿ ಪ್ರೊಜೆಕ್ಟರಿಗೆ, ಅಂದರೆ ನಕಲಿಗೆ. 1998ರ ವಿಂಡೋಸ್ 98 ಒಂಬತ್ತು ಮಾನಿಟರುಗಳವರೆಗೆ ವಿಸ್ತರಣೆಗೆ ಅವಕಾಶ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ, ಲ್ಯಾಪ್‌ಟಾಪಿನ ಒಂದೇ ಗ್ರಾಫಿಕ್ಸ್ ಚಿಪ್ಪಿನಿಂದ ಎರಡು ಬೇರೆ ಚಿತ್ರ ಹೊರಡಿಸುವ ಸೌಲಭ್ಯ ತಂದಿತು. ವಿಂಡೋಸ್ ಕೀ ಮತ್ತು ಪಿ ಅಕ್ಷರ ಒಟ್ಟಿಗೆ ಒತ್ತಿ ಬಗೆ ಬದಲಿಸುವ ಇಂದಿನ ರೂಢಿ 2009ರ ವಿಂಡೋಸ್ 7ರಿಂದ ಬಂದದ್ದು.

ಕರ್ನಾಟಕದ ಸಾಮಾನ್ಯ ಜನರಿಗೆ ಜೋಡಿ ಪರದೆ ಸರ್ಕಾರಿ ಕೌಂಟರಿನಲ್ಲೂ ಕಂಡಿತು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ರಾಜ್ಯದ ತಾಲೂಕುಗಳ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿತು. ಆಗ ತಾಲೂಕು ಕಚೇರಿಯ ಕೌಂಟರಿನಲ್ಲಿ ಒಂದು ಪರದೆ ಸಿಬ್ಬಂದಿಯ ಕಡೆಗೂ ಇನ್ನೊಂದು ರೈತರ ಕಡೆಗೂ ಮುಖ ಮಾಡಿದ್ದವು. ತನ್ನ ಪಹಣಿಯಲ್ಲಿ ಏನು ದಾಖಲಾಗಿದೆ, ಏನು ಬದಲಾಗುತ್ತಿದೆ ಎಂಬುದನ್ನು ರೈತ ನಿಂತಲ್ಲೇ ನೋಡಬಹುದಿತ್ತು. ಧಾರವಾಡ ಸೀಮೆಯಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಮುದ್ರಿತ ಪ್ರತಿಗೆ ಆಗಿನ ಶುಲ್ಕ 15 ರೂಪಾಯಿ. ತಾಂತ್ರಿಕವಾಗಿ ಇದು ಸಾದಾ ನಕಲು, ಲ್ಯಾಪ್‌ಟಾಪಿನದೂ ಅಲ್ಲ. ಆದರೂ ಎರಡನೆಯ ಪರದೆ ಯಾರಿಗಾಗಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಮುಂದೆಯೂ ಹೆಚ್ಚು ದೊರೆತಿಲ್ಲ.

ಮನೆಗಳಿಗೆ ಹೊರ ಮಾನಿಟರುಗಳು ದೊಡ್ಡ ಪ್ರಮಾಣದಲ್ಲಿ ಬಂದದ್ದು 2020ರಲ್ಲಿ. ಆ ಮಾರ್ಚಿನ ಲಾಕ್‌ಡೌನ್ ನಂತರ ಬೆಂಗಳೂರು, ಪುಣೆಗಳ ಮಾಹಿತಿ ತಂತ್ರಜ್ಞಾನ ಕಂಪನಿಗಳ ಉದ್ಯೋಗಿಗಳು ತಂತಮ್ಮ ಊರುಗಳಿಗೆ ಮರಳಿದರು. ನವೆಂಬರ್ 2020ರಲ್ಲಿ ದೂರಸಂಪರ್ಕ ಇಲಾಖೆ, ‘ಇತರ ಸೇವಾದಾರರು’ ಎಂಬ ವರ್ಗಕ್ಕೆ ಸೇರಿಸಿದ್ದ ಈ ಬಗೆಯ ಕಂಪನಿಗಳ ನಿಯಮಗಳನ್ನು ಸಡಿಲಿಸಿದ್ದರಿಂದ ಮನೆಯಿಂದ ಕೆಲಸ ಮಾಡುವುದಕ್ಕಿದ್ದ ಕಾನೂನಿನ ಅಡೆತಡೆಗಳು ಬಹುಮಟ್ಟಿಗೆ ತೆರವಾದವು. ತಾತ್ಕಾಲಿಕವೆಂದು ಪಡಸಾಲೆಯ ಮೂಲೆಯಲ್ಲಿ ಹಾಕಿದ ಮೇಜುಗಳು ಹಲವು ಮನೆಗಳಲ್ಲಿ ಕಾಯಂ ಆದವು.

ರಚನೆ

ಚಿತ್ರವೊಂದು ಚಿಪ್ಪಿನಲ್ಲಿ ಹುಟ್ಟಿ ಮಾನಿಟರ್ ತಲುಪುವವರೆಗೆ ಮೂರು ಹಂತ ದಾಟುತ್ತದೆ.

ಮೊದಲನೆಯದು ಗ್ರಾಫಿಕ್ಸ್ ಚಿಪ್ಪಿನೊಳಗಿನ ಪ್ರದರ್ಶನ ಸಾಲು. ಒಂದು ಸಾಲು ಒಂದು ಸ್ವತಂತ್ರ ಚಿತ್ರವನ್ನಷ್ಟೇ ನಡೆಸಬಲ್ಲದು, ಲ್ಯಾಪ್‌ಟಾಪಿನ ಸ್ವಂತ ಪರದೆಯೂ ಒಂದು ಸಾಲನ್ನು ಹಿಡಿಯುತ್ತದೆ. ಇಂಟೆಲ್‌ನ 2011ರ ಸ್ಯಾಂಡಿ ಬ್ರಿಡ್ಜ್ ಚಿಪ್ಪುಗಳಲ್ಲಿ ಒಟ್ಟು ಎರಡು, 2012ರ ಐವಿ ಬ್ರಿಡ್ಜ್‌ನಲ್ಲಿ ಮೂರು, 2020ರ ಟೈಗರ್ ಲೇಕ್‌ನಲ್ಲಿ ನಾಲ್ಕು ಪರದೆಗಳಿಗೆ ಅವಕಾಶವಿತ್ತು. ಆಪಲ್‌ನ 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ಕುಗಳು ಒಂದೇ ಹೊರ ಮಾನಿಟರನ್ನು ಅಧಿಕೃತವಾಗಿ ಬೆಂಬಲಿಸಿದವು. 2024ರ ಎಂ3 ಮ್ಯಾಕ್‌ಬುಕ್ ಏರ್ ಮುಚ್ಚಳ ಮುಚ್ಚಿದಾಗ ಮಾತ್ರ ಎರಡನ್ನು ನಡೆಸುತ್ತದೆ. 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡನ್ನು ನಡೆಸುತ್ತದೆ. ಈ ಮಿತಿಯನ್ನು ಯಾವ ದುಬಾರಿ ಕೇಬಲ್ಲೂ ಹಿಗ್ಗಿಸಲಾರದು.

ಎರಡನೆಯದು ಪೋರ್ಟು ಮತ್ತು ಕೇಬಲ್ಲಿನ ಸಾಗಾಟ ಸಾಮರ್ಥ್ಯ. ಲೆಕ್ಕ ಸುಲಭ. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕೆಗಳು. ಪ್ರತಿ ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 3 ಗಿಗಾಬಿಟ್. ಇದೇ ಲೆಕ್ಕದಲ್ಲಿ 2560 ಗುಣಿಸು 1440ರ ಪರದೆಗೆ 5.3 ಗಿಗಾಬಿಟ್, 4ಕೆ ಪರದೆಗೆ ಸುಮಾರು 12 ಗಿಗಾಬಿಟ್ ಬೇಕು. ಚಿತ್ರಗಳ ನಡುವಿನ ವಿರಾಮದ ಸಂಕೇತಗಳನ್ನು ಸೇರಿಸಿದರೆ ಪ್ರತಿಯೊಂದೂ ಇನ್ನಷ್ಟು ಏರುತ್ತದೆ. 2010ರ ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಚಿತ್ರಕ್ಕೆ ಸಿಗುವ ಹರಿವು ಸೆಕೆಂಡಿಗೆ 17.28 ಗಿಗಾಬಿಟ್. ಆ ಒಂದೇ ಪೋರ್ಟಿನಿಂದ ನಾಲ್ಕು ಫುಲ್ ಎಚ್‌ಡಿ ಅಥವಾ ಎರಡು 1440ರ ಮಾನಿಟರುಗಳು ನಡೆಯುತ್ತವೆ. 4ಕೆ ಮಾನಿಟರಾದರೆ ಒಂದೇ. 2016ರ ಡಿಸ್‌ಪ್ಲೇಪೋರ್ಟ್ 1.4ರ 25.92 ಗಿಗಾಬಿಟ್‌ನಲ್ಲಿ ಎರಡು 4ಕೆ ಚಿತ್ರಗಳು ಇಕ್ಕಟ್ಟಿನಲ್ಲಿ ಹಿಡಿಸುತ್ತವೆ, ಅಥವಾ ಅದೇ ಮಾನಕ ತಂದ ಸಂಕೋಚನ ವಿಧಾನದಿಂದ ಸಲೀಸಾಗಿ ಸಾಗುತ್ತವೆ.

ಯುಎಸ್‌ಬಿ-ಸಿ ಪೋರ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ನಾಲ್ಕು ವೇಗದ ದಾರಿಗಳಲ್ಲಿ ಎರಡನ್ನು ಪೆನ್‌ಡ್ರೈವ್, ನೆಟ್‌ವರ್ಕ್ ಮೊದಲಾದ ವೇಗದ ಯುಎಸ್‌ಬಿ ಕೆಲಸಕ್ಕೆ ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಅರ್ಧ ಸಾಮರ್ಥ್ಯ. ಅಗ್ಗದ ಹಬ್ ಮೂಲಕ ಹಚ್ಚಿದ 4ಕೆ ಮಾನಿಟರ್ ಸೆಕೆಂಡಿಗೆ 60ರ ಬದಲು 30 ಚಿತ್ರಗಳಿಗೆ ಇಳಿದು, ಮೌಸಿನ ಬಾಣ ತಡವರಿಸುವುದಕ್ಕೆ ಇದೇ ಸಾಮಾನ್ಯ ಕಾರಣ.

ಮೂರನೆಯದು ಪರಿಚಯ ವಿನಿಮಯ. ಕೇಬಲ್ ಚುಚ್ಚಿದ ಕೂಡಲೇ ಮಾನಿಟರ್ ತನ್ನ ಹೆಸರು, ಗಾತ್ರ, ತಾನು ತೋರಿಸಬಲ್ಲ ಅಳತೆಗಳನ್ನು 128 ಬೈಟಿನ ಒಂದು ಕಿರು ದಾಖಲೆಯಾಗಿ ಲ್ಯಾಪ್‌ಟಾಪಿಗೆ ಕೊಡುತ್ತದೆ. ಇಡಿಐಡಿ ಎಂಬ ಈ ವ್ಯವಸ್ಥೆಯನ್ನು ವೆಸಾ ಸಂಸ್ಥೆ 1994ರಲ್ಲಿ ರೂಪಿಸಿತು. ಕೇಬಲ್ಲಿನ ಒಂದು ಎಳೆ ಕೆಟ್ಟು ಈ ದಾಖಲೆ ತಲುಪದಿದ್ದರೆ ಮಾನಿಟರ್ ಸರಿಯಿದ್ದರೂ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದಿಲ್ಲ, ಇಲ್ಲವೆ ತಪ್ಪು ಅಳತೆಯಲ್ಲಿ ಚಿತ್ರ ಕಳಿಸುತ್ತದೆ.

ಪೋರ್ಟುಗಳು

ವಿಜಿಎ ಅನಲಾಗ್ ಸಂಕೇತ ಒಯ್ಯುತ್ತದೆ. ಕೇಬಲ್ ಉದ್ದವಾದಷ್ಟೂ ಅಕ್ಷರದ ಅಂಚು ಮಸುಕಾಗುತ್ತದೆ. 1999ರ ಡಿವಿಐ ಡಿಜಿಟಲ್ ಸಂಕೇತವನ್ನು ಮಾನಿಟರಿಗೆ ತಂದಿತು. 2002ರ ಕೊನೆಯಲ್ಲಿ ಬಂದ 19 ಪಿನ್ನಿನ ಎಚ್‌ಡಿಎಂಐ ಚಿತ್ರದೊಂದಿಗೆ ಧ್ವನಿಯನ್ನೂ ಸೇರಿಸಿತು. ಅದರ 1.4ನೇ ಆವೃತ್ತಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ, 2013ರ 2.0ರಲ್ಲಿ 60 ಸಲ ಮೂಡುತ್ತದೆ. 2017ರ 2.1ರ ಸಾಮರ್ಥ್ಯ 48 ಗಿಗಾಬಿಟ್. ಒಂದು ಎಚ್‌ಡಿಎಂಐ ಪೋರ್ಟಿಗೆ ಒಂದೇ ಸ್ವತಂತ್ರ ಚಿತ್ರ ಎಂಬುದು ಎಲ್ಲ ಆವೃತ್ತಿಗಳಿಗೂ ಅನ್ವಯ.

2006ರಲ್ಲಿ ವೆಸಾ ಪ್ರಕಟಿಸಿದ ಡಿಸ್‌ಪ್ಲೇಪೋರ್ಟ್ ಈ ಮಿತಿಯನ್ನು ಮುರಿಯಿತು. ಅದು ದತ್ತಾಂಶವನ್ನು ಪೊಟ್ಟಣಗಳಾಗಿ ಕಳಿಸುವುದರಿಂದ ಬೇರೆ ಬೇರೆ ಮಾನಿಟರುಗಳ ಪೊಟ್ಟಣಗಳು ಒಂದೇ ಕೇಬಲ್ಲಿನಲ್ಲಿ ಕೂಡಿ ಸಾಗಬಲ್ಲವು. 1.2ನೇ ಆವೃತ್ತಿಯಲ್ಲಿ ಬಂದ ಈ ಸೌಲಭ್ಯಕ್ಕೆ ಬಹುಹರಿವು ಸಾಗಾಟ, ಚಿಕ್ಕದಾಗಿ ಎಂಎಸ್‌ಟಿ ಎಂದು ಹೆಸರು.

2014ರಲ್ಲಿ ಬಂದ 24 ಪಿನ್ನಿನ ಯುಎಸ್‌ಬಿ-ಸಿ ಒಂದೇ ಬಾಯಿಯಲ್ಲಿ ಚಿತ್ರ, ದತ್ತಾಂಶ, ಚಾರ್ಜು ಮೂರನ್ನೂ ಒಯ್ಯಬಲ್ಲದು. ಆದರೆ ಹೊರನೋಟಕ್ಕೆ ಒಂದೇ ರೀತಿ ಕಾಣುವ ಯುಎಸ್‌ಬಿ-ಸಿ ಪೋರ್ಟುಗಳೆಲ್ಲ ಚಿತ್ರ ಕೊಡುವುದಿಲ್ಲ. ಕೆಲವು ಚಾರ್ಜಿಗೆ, ಕೆಲವು ಬರಿಯ ದತ್ತಾಂಶಕ್ಕೆ ಸೀಮಿತ. ಪೋರ್ಟಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಚಿಹ್ನೆ ಅಥವಾ ಮಿಂಚಿನ ಗುರುತು ಇದ್ದರೆ ಚಿತ್ರ ಬರುತ್ತದೆಂದು ತಿಳಿಯಬಹುದು, ಗುರುತಿಲ್ಲದಿದ್ದರೆ ಮಾದರಿಯ ವಿವರಪಟ್ಟಿ ನೋಡುವುದೇ ದಾರಿ. ಮಿಂಚಿನ ಗುರುತು ಥಂಡರ್‌ಬೋಲ್ಟ್‌ನದು. 2015ರ ಥಂಡರ್‌ಬೋಲ್ಟ್ 3 ಯುಎಸ್‌ಬಿ-ಸಿ ಆಕಾರ ತಳೆದು 40 ಗಿಗಾಬಿಟ್ ವೇಗ ಕೊಟ್ಟಿತು. 2020ರ ಥಂಡರ್‌ಬೋಲ್ಟ್ 4, ಎರಡು 4ಕೆ ಮಾನಿಟರುಗಳ ಬೆಂಬಲವನ್ನು ಕನಿಷ್ಠ ಅರ್ಹತೆಯಾಗಿ ನಿಗದಿ ಮಾಡಿತು.

ಅಡಾಪ್ಟರುಗಳಿಗೆ ದಿಕ್ಕಿದೆ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ಲನ್ನು ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಎಚ್‌ಡಿಎಂಐನಿಂದ ಡಿಸ್‌ಪ್ಲೇಪೋರ್ಟಿಗೆ ಹೋಗಲು ಪ್ರತ್ಯೇಕ ವಿದ್ಯುತ್ ಬೇಡುವ ಸಕ್ರಿಯ ಪರಿವರ್ತಕ ಬೇಕು.

ಜೋಡಣೆಯ ವಿಧಗಳು

ನೇರ ಜೋಡಣೆ: ಲ್ಯಾಪ್‌ಟಾಪಿನಲ್ಲಿ ಒಂದು ಎಚ್‌ಡಿಎಂಐ ಮತ್ತು ಚಿತ್ರ ಕೊಡುವ ಒಂದು ಯುಎಸ್‌ಬಿ-ಸಿ ಇದ್ದರೆ ಎರಡು ಮಾನಿಟರುಗಳಿಗೆ ಎರಡು ಕೇಬಲ್ ಸಾಕು. ಖರ್ಚು ಕಡಿಮೆ, ತೊಂದರೆಯೂ ಕಡಿಮೆ. ಎರಡೇ ಮಾನಿಟರ್ ಬೇಕಾದವರು ಮೊದಲು ಪರಿಶೀಲಿಸಬೇಕಾದ ದಾರಿ ಇದು.

ಸರಪಳಿ ಜೋಡಣೆ: ಎಂಎಸ್‌ಟಿ ಆಧಾರಿತ. ಲ್ಯಾಪ್‌ಟಾಪಿನಿಂದ ಮೊದಲ ಮಾನಿಟರಿಗೆ, ಅದರಿಂದ ಎರಡನೆಯದಕ್ಕೆ ಕೇಬಲ್. ಮೊದಲ ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಹೊರದಾರಿ ಇರಬೇಕು. ಮ್ಯಾಕ್ ಕಾರ್ಯಾಚರಣ ವ್ಯವಸ್ಥೆ ಎಂಎಸ್‌ಟಿಯ ಮೂಲಕ ವಿಸ್ತರಣೆಯನ್ನು ಬೆಂಬಲಿಸುವುದಿಲ್ಲ. ವಿಂಡೋಸಿನಲ್ಲಿ ಎರಡು ಬೇರೆ ಚಿತ್ರ ಕೊಡುವ ಅದೇ ಡಾಕ್ (ಮುಂದಿನ ವಿಧ) ಮ್ಯಾಕ್‌ನಲ್ಲಿ ಎರಡೂ ಕಡೆ ಒಂದೇ ಚಿತ್ರ ಕೊಡುವುದು ಇದರಿಂದಲೇ.

ಡಾಕ್: ಒಂದೇ ಕೇಬಲ್ಲಿನಲ್ಲಿ ಮಾನಿಟರುಗಳು, ಕೀಲಿಮಣೆ, ತಂತಿಯ ಇಂಟರ್ನೆಟ್, ಚಾರ್ಜು ಎಲ್ಲವನ್ನೂ ಕೂಡಿಸುವ ಪೆಟ್ಟಿಗೆ. ಯುಎಸ್‌ಬಿ ವಿದ್ಯುತ್ ಪೂರೈಕೆಯ ಮಿತಿ ಮೊದಲು 100 ವಾಟ್ ಇತ್ತು. 2021ರ ಮಾನಕ ಅದನ್ನು 240 ವಾಟಿಗೆ ಏರಿಸಿತು. ವಾರದಲ್ಲಿ ಕೆಲ ದಿನ ಕಚೇರಿ, ಕೆಲ ದಿನ ಮನೆ ಎಂದು ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಡಾಕ್ ನಿಜವಾದ ಅನುಕೂಲ, ಏಕೆಂದರೆ ಮೇಜು ಬಿಡುವಾಗ ಕಳಚುವುದು ಒಂದೇ ಕೇಬಲ್.

ಯುಎಸ್‌ಬಿ ಗ್ರಾಫಿಕ್ಸ್: ಚಿಪ್ಪಿನ ಪ್ರದರ್ಶನ ಸಾಲುಗಳ ಮಿತಿಯನ್ನು ಬಳಸಿ ದಾಟುವ ದಾರಿ. ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದಲ್ಲಿ ಲ್ಯಾಪ್‌ಟಾಪಿನ ಮುಖ್ಯ ಸಂಸ್ಕಾರಕವೇ ಚಿತ್ರವನ್ನು ಸಂಕುಚಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶವಾಗಿ ಕಳಿಸುತ್ತದೆ, ಡಾಕಿನೊಳಗಿನ ಚಿಪ್ ಅದನ್ನು ಮತ್ತೆ ಚಿತ್ರವಾಗಿಸುತ್ತದೆ. ಬರಹ, ಲೆಕ್ಕಪತ್ರ, ಕೋಡಿಗೆ ಇದು ಸಾಕು. ವಿಡಿಯೊ ಸಂಕಲನ, ಆಟಗಳಿಗೆ ತಕ್ಕುದಲ್ಲ. ಚಾಲಕ ತಂತ್ರಾಂಶ ಹಾಕಿಕೊಳ್ಳಬೇಕಾಗುವುದರಿಂದ, ಹೊರ ತಂತ್ರಾಂಶಕ್ಕೆ ಅನುಮತಿ ಕೊಡದ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಬಳಸಲಾಗದು.

ನಿಸ್ತಂತು ಜೋಡಣೆ: 2012ರ ಮಿರಾಕಾಸ್ಟ್ ಮಾನಕ ವೈಫೈ ಮೂಲಕ ಚಿತ್ರ ಕಳಿಸುತ್ತದೆ. ವಿಳಂಬ ಕಾಣುತ್ತದೆ. ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ಸಂಕೇತ ಇನ್ನೂ ದುರ್ಬಲ. ದಿನವಿಡೀ ಕೆಲಸಕ್ಕೆ ಇದು ಆಗದು.

ಕನ್ನಡ ಅಕ್ಷರ ಮತ್ತು ಚುಕ್ಕೆಗಳ ಸಾಂದ್ರತೆ

ಮಾನಿಟರ್ ಆರಿಸುವ ಸಾಮಾನ್ಯ ಸಲಹೆಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಕನ್ನಡದ ಸಾಲಿಗೆ ಬೇರೆ ಬೇಡಿಕೆಯಿದೆ. ಅಕ್ಷರದ ಮೇಲೆ ಗುಣಿತ, ಕೆಳಗೆ ಒತ್ತು. ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ಒಂದೇ ಸಾಲಿನ ಎತ್ತರದಲ್ಲಿ ಇಷ್ಟೂ ಹಿಡಿಸಬೇಕಾದ್ದರಿಂದ ಒತ್ತಕ್ಷರಕ್ಕೆ ಸಿಗುವ ಚುಕ್ಕೆಗಳು ಬಹಳ ಕಡಿಮೆ. 14 ಅಂಗುಲದ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಅಂಗುಲಕ್ಕೆ ಸುಮಾರು 157 ಚುಕ್ಕೆಗಳಿವೆ. ಅದೇ ಫುಲ್ ಎಚ್‌ಡಿ 24 ಅಂಗುಲದ ಮಾನಿಟರಿನಲ್ಲಿ 92ಕ್ಕೂ 27 ಅಂಗುಲದಲ್ಲಿ 82ಕ್ಕೂ ಇಳಿಯುತ್ತದೆ. ಕನ್ನಡ ಕರಡು ತಿದ್ದುವವರಿಗೆ 27 ಅಂಗುಲದ ಫುಲ್ ಎಚ್‌ಡಿ ಮಾನಿಟರ್ ಸರಿಯಾದ ಆಯ್ಕೆಯಲ್ಲ. ಆ ಗಾತ್ರಕ್ಕೆ 1440ರ (ಸುಮಾರು 109 ಚುಕ್ಕೆ) ಅಥವಾ 4ಕೆಯ (ಸುಮಾರು 163 ಚುಕ್ಕೆ) ಪರದೆ ಬೇಕು.

ಸಾಂದ್ರತೆ ಬೇರೆ ಬೇರೆ ಇರುವ ಪರದೆಗಳನ್ನು ಕೂಡಿಸಿದಾಗ ಒಂದರಿಂದ ಇನ್ನೊಂದಕ್ಕೆ ಎಳೆದ ಕಿಟಕಿ ತಟ್ಟನೆ ಹಿಗ್ಗಿ ಕುಗ್ಗುತ್ತದೆ. ಪ್ರತಿ ಪರದೆಗೂ ಪ್ರತ್ಯೇಕ ಹಿಗ್ಗಿಸುವಿಕೆ ಹೊಂದಿಸುವ ಅನುಕೂಲ ವಿಂಡೋಸ್ 8.1ರಿಂದ ಇದೆ, ಆದರೆ ಹಳೆಯ ತಂತ್ರಾಂಶಗಳು ಅದಕ್ಕೆ ಹೊಂದಿಕೊಳ್ಳದೆ ಮಸುಕಾಗುತ್ತವೆ. ಎರಡು ಮಾನಿಟರುಗಳು ಒಂದೇ ಗಾತ್ರ, ಒಂದೇ ಸಾಂದ್ರತೆಯವಾಗಿದ್ದರೆ ಕಣ್ಣಿನ ಶ್ರಮ ಉಳಿಯುತ್ತದೆ.

ಪುಸ್ತಕದ ಪುಟದಂತೆ ಮಾನಿಟರನ್ನು ನೆಟ್ಟಗೆ ನಿಲ್ಲಿಸುವುದೂ ರೂಢಿಯಲ್ಲಿದೆ. ಪೂರ್ಣ ಪುಟ ಒಮ್ಮೆಗೇ ಕಾಣುತ್ತದೆ. ಆಗ ಚುಕ್ಕೆಯೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳ ದಿಕ್ಕೂ ತಿರುಗುವುದರಿಂದ ಕಡಿಮೆ ಸಾಂದ್ರತೆಯ ಪರದೆಯಲ್ಲಿ ಅಕ್ಷರದ ಅಂಚಿಗೆ ಬಣ್ಣದ ಛಾಯೆ ಬರಬಹುದು.

ವಿದ್ಯುತ್ತು ಮತ್ತು ಅರ್ಥಿಂಗ್

ತಾಂತ್ರಿಕ ಕೈಪಿಡಿಗಳು ಬಿಟ್ಟುಬಿಡುವ, ನಮ್ಮ ಕಡೆಯ ಮನೆಗಳಲ್ಲಿ ಬಿಡಲಾಗದ ಕೊಂಡಿ ಇದು. ಮಾಳಮಡ್ಡಿಯ ಹೆಸರಿನಲ್ಲಿರುವ ‘ಮಡ್ಡಿ’ ಎಂದರೆ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾದ, ಕಲ್ಲುಮಿಶ್ರಿತ ಏರುನೆಲ. ಅಂಥ ನೆಲ ತೇವ ಹಿಡಿಯುವುದು ಕಡಿಮೆ. ನೆಲ ಒಣಗಿದಷ್ಟೂ ಅದರ ವಿದ್ಯುತ್ ರೋಧ ಏರುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್, ಮೇ ತಿಂಗಳಲ್ಲಿ ಹೆಸರಿಗಷ್ಟೇ ಉಳಿಯಬಹುದು. ಧಾರವಾಡದಲ್ಲಿ ಗುಡುಗು ಸಿಡಿಲಿನ ಅಡ್ಡಮಳೆ ಬೀಳುವುದೂ ಅದೇ ತಿಂಗಳುಗಳಲ್ಲಿ. ಇದ್ದಿಲು, ಉಪ್ಪು ಹಾಕಿ ತೋಡಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಹಳೆಯ ಪದ್ಧತಿಗೆ ಭೌತಶಾಸ್ತ್ರದ ಆಧಾರವಿದೆ.

ಅರ್ಥ್ ಸಂಪರ್ಕವಿಲ್ಲದ ಚಾರ್ಜರಿನ ಲೋಹಭಾಗದಲ್ಲಿ, ಅದರೊಳಗಿನ ಸೋಸು ಕೆಪಾಸಿಟರುಗಳ ಮೂಲಕ, ಅಲ್ಪ ಪ್ರಮಾಣದ ವಿದ್ಯುತ್ ಸೋರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಚುರುಗುಟ್ಟುವುದು ಇದೇ. ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಿಂದ, ಮಾನಿಟರುಗಳು ಅರ್ಥಿಂಗ್ ಬೇರೆಯಿರುವ ಇನ್ನೊಂದು ಸಾಕೆಟ್ಟಿನಿಂದ ವಿದ್ಯುತ್ ಪಡೆದಿದ್ದರೆ, ಎಚ್‌ಡಿಎಂಐ ಚುಚ್ಚುವ ಕ್ಷಣದಲ್ಲಿ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಕೇಬಲ್ಲಿನ ಮೂಲಕ ಸಮವಾಗಲು ನೋಡುತ್ತದೆ. ಪೋರ್ಟು ಸುಡುವ ಸಂಭವ ಇಲ್ಲಿದೆ. ಪರಿಹಾರ ಸರಳ: ಲ್ಯಾಪ್‌ಟಾಪಿನ ಚಾರ್ಜರ್, ಡಾಕ್, ಎಲ್ಲ ಮಾನಿಟರುಗಳನ್ನು ಅರ್ಥಿಂಗ್ ಸರಿಯಿರುವ ಒಂದೇ ಸಾಕೆಟ್ಟಿನಿಂದ, ಮೂರು ಪಿನ್ನಿನ ಒಂದೇ ಬೋರ್ಡಿನ ಮೂಲಕ ನಡೆಸುವುದು; ಕೇಬಲ್ ಹಚ್ಚಿದ ಮೇಲೆ ಸ್ವಿಚ್ ಹಾಕುವುದು. ಸ್ಪೈಕ್ ಗಾರ್ಡ್ ಕೂಡ ಹೆಚ್ಚುವರಿ ವೋಲ್ಟೇಜನ್ನು ಭೂಮಿಗೆ ಇಳಿಸಲು ಅರ್ಥ್ ತಂತಿಯನ್ನೇ ನೆಚ್ಚಿದೆ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡುವುದಕ್ಕಿಂತ ಭದ್ರವಾದ ಉಪಾಯವಿಲ್ಲ.

ಎಲ್‌ಇಡಿ ಬೆಳಕಿನ 24 ಅಂಗುಲದ ಮಾನಿಟರ್ ಸುಮಾರು 20 ವಾಟ್ ಬಳಸುತ್ತದೆ. ಎರಡು ಮಾನಿಟರ್, 65 ವಾಟಿನ ಚಾರ್ಜರ್, ರೂಟರ್ ಸೇರಿದರೆ 115 ವಾಟಿನ ಆಸುಪಾಸು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಿರುವ ಚಿಕ್ಕ ಯುಪಿಎಸ್ ಇದನ್ನು ಸುಮಾರು 20 ನಿಮಿಷ ಹೊರಬಹುದು. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇರುವುದರಿಂದ ಕರೆಂಟ್ ಹೋದಾಗ ಚಾರ್ಜರ್ ತೆಗೆದು, ಮಾನಿಟರ್ ಮತ್ತು ರೂಟರನ್ನು ಮಾತ್ರ ಯುಪಿಎಸ್ ಮೇಲೆ ಬಿಟ್ಟರೆ ಈ ಅವಧಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಮಾನಿಟರ್ ಒಮ್ಮೆ ಆರಿ ಹತ್ತಬಹುದು. ಲ್ಯಾಪ್‌ಟಾಪಿನ ದೃಷ್ಟಿಯಲ್ಲಿ ಮಾನಿಟರ್ ಕಳಚಿ ಮತ್ತೆ ಬಂದಂತೆ, ಹರವಿಟ್ಟ ಕಿಟಕಿಗಳೆಲ್ಲ ಸ್ವಂತ ಪರದೆಗೆ ಬಂದು ಗುಡ್ಡೆಯಾಗುತ್ತವೆ. ಕಿಟಕಿಗಳ ಸ್ಥಾನ ನೆನಪಿಟ್ಟು ಮರಳಿಸುವ ಆಯ್ಕೆ 2021ರ ವಿಂಡೋಸ್ 11ರಲ್ಲಿ ಸೇರಿತು.

ಮಾನಿಟರನ್ನು ಗೋಡೆಗೆ ಅಥವಾ ತೋಳಿಗೆ ಕೂರಿಸಲು ಹಿಂಬದಿಯಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತುಗಳಿರುತ್ತವೆ. ಕಲ್ಲುಮಣ್ಣಿನ ಹಳೆಯ ಗೋಡೆಯಲ್ಲಿ ಸ್ಕ್ರೂ ಹಿಡಿತ ಸಿಗುವುದಿಲ್ಲ. ಅಲ್ಲಿ ಮೇಜಿನ ಅಂಚಿಗೆ ಬಿಗಿಯುವ ತೋಳು ಸೂಕ್ತ.

ಬಳಕೆ

ಕೋಡ್ ಬರೆಯುವವರು ಒಂದು ಪರದೆಯಲ್ಲಿ ಕೋಡನ್ನೂ ಇನ್ನೊಂದರಲ್ಲಿ ಅದರ ಫಲಿತವನ್ನೂ ಇಟ್ಟುಕೊಳ್ಳುವುದು ಎಲ್ಲೆಡೆಯ ರೂಢಿ. ಧಾರವಾಡದಲ್ಲಿ ಇದಕ್ಕೆ ಸ್ಥಳೀಯ ಬಳಕೆಗಳೂ ಸೇರುತ್ತವೆ. ಇಲ್ಲಿನ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ವಿಡಿಯೊ ಮೂಲಕ ವಿಚಾರಣೆ ನಡೆಯುವಾಗ ನ್ಯಾಯಾಲಯದ ದೃಶ್ಯ ಒಂದು ಪರದೆಯಲ್ಲೂ ಪ್ರಕರಣದ ಕಾಗದಗಳು ಇನ್ನೊಂದರಲ್ಲೂ ಇದ್ದರೆ ವಕೀಲರಿಗೆ ಪುಟ ಹುಡುಕುವ ತಡಕಾಟವಿಲ್ಲ. ಪ್ರಕಾಶನದಲ್ಲಿ, ನುಡಿ ತಂತ್ರಾಂಶದಂಥ ಹಳೆಯ ಸಂಕೇತದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪುವುದುಂಟು. ಮೂಲ ಎಡಕ್ಕೆ, ಪರಿವರ್ತಿತ ಪಠ್ಯ ಬಲಕ್ಕೆ ಇಟ್ಟು ಸಾಲುಸಾಲಾಗಿ ಹೋಲಿಸುವುದೇ ಅದನ್ನು ಹಿಡಿಯುವ ನಂಬಿಕೆಯ ವಿಧಾನ. ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಪುಟ ನೋಡಿ ಪಠ್ಯ ತಿದ್ದುವುದೂ ಇಂಥದೇ ಕೆಲಸ. ಹಿಂದೂಸ್ತಾನಿ ಸಂಗೀತದ ಆನ್‌ಲೈನ್ ಪಾಠದಲ್ಲಿ ದೊಡ್ಡ ಪರದೆ ಶಿಷ್ಯರ ಕೈ, ಮುಖ ನೋಡಲು, ಚಿಕ್ಕದು ಸ್ವರಲಿಪಿಗೆ. ಎಚ್‌ಡಿಎಂಐ ಹಚ್ಚಿದೊಡನೆ ಧ್ವನಿ ಮಾನಿಟರಿನ ಸ್ಪೀಕರಿಗೆ ಜಿಗಿಯಬಹುದಾದ್ದರಿಂದ ಪಾಠಕ್ಕೆ ಮೊದಲು ಧ್ವನಿಯ ದಾರಿ ಪರೀಕ್ಷಿಸಬೇಕು.

ಈಗಿನ ಸ್ಥಿತಿ

ಮನೆ ಮತ್ತು ಕಚೇರಿ ಎರಡನ್ನೂ ಹಂಚಿಕೊಂಡ ಉದ್ಯೋಗಗಳು ಉಳಿದುಕೊಂಡಿವೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಆರಂಭವಾದ ಮೇಲೆ ರಾಜಧಾನಿಯ ಕಚೇರಿಗೆ ಹೋಗಿಬರುವುದು ಸುಲಭವಾಯಿತು. ನಿಲ್ದಾಣದ ಪಕ್ಕದ ಮಾಳಮಡ್ಡಿಯಂಥ ಬಡಾವಣೆಯಲ್ಲಿ ಲ್ಯಾಪ್‌ಟಾಪ್ ಪ್ರಯಾಣಕ್ಕೂ ಮಾನಿಟರುಗಳು ಮನೆಯ ಮೇಜಿಗೂ ಎಂಬ ಪಾಲು ಸಹಜವಾಗಿದೆ.

ತಂತ್ರಜ್ಞಾನ ಮುಂದುವರಿದಿದೆ. 2019ರ ಡಿಸ್‌ಪ್ಲೇಪೋರ್ಟ್ 2.0, 2023ರ ಥಂಡರ್‌ಬೋಲ್ಟ್ 5 ಎರಡೂ 80 ಗಿಗಾಬಿಟ್ ವರ್ಗದವು. ಎರಡನೆಯದು ಚಿತ್ರಕ್ಕಾಗಿ ಒಂದು ದಿಕ್ಕಿನಲ್ಲಿ 120 ಗಿಗಾಬಿಟ್ ವರೆಗೆ ಏರಬಲ್ಲದು. ಇವು ದುಬಾರಿ ಮಾದರಿಗಳಲ್ಲಿವೆ. ಬಳಸಿದ ಫುಲ್ ಎಚ್‌ಡಿ ಮಾನಿಟರುಗಳು ಅಗ್ಗವಾಗಿ ಸಿಗುತ್ತವೆ; ಹಳೆಯ ವಿಜಿಎ ಮಾನಿಟರಿಗೆ ಎಚ್‌ಡಿಎಂಐ ಪರಿವರ್ತಕ ಹಚ್ಚಿ ಎರಡನೆಯ ಪರದೆ ಮಾಡಿಕೊಳ್ಳುವುದೂ ನಡೆದಿದೆ. ಬಳಕೆ ಮುಗಿದ ಮಾನಿಟರುಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ; ನೋಂದಾಯಿತ ಮರುಬಳಕೆದಾರರ ಮೂಲಕವೇ ಅವುಗಳ ವಿಲೇವಾರಿ ಆಗಬೇಕು.